ನನ್ನ ಹೆಂಡತಿ ಬರೆದ ಊಟದ ಡಬ್ಬಿ

ನನ್ನ ಹೆಂಡತಿ ತನ್ನ ಜೀವಮಾನದಲ್ಲಿ ಕಾಗದದ ಮೇಲೆ ಬರೆದದ್ದು ಒಂದೇ ಚಿತ್ರ. ನಾನು ಇಪ್ಪತ್ತೆರಡು ವರ್ಷದಿಂದ ರಾಮನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುವುದಕ್ಕಿಂತ ಬರೆದ ಚಿತ್ರವನ್ನು ಓದುವುದನ್ನು ಕಲಿಸುವುದೆಂದರೆ ನನಗೆ ಹೆಚ್ಚು ಇಷ್ಟ. ಹಾಗಿದ್ದೂ ಆ ಒಂದು ಚಿತ್ರವನ್ನು ನಾನು ತಪ್ಪಾಗಿ ಓದಿದೆ. ಅದೂ ಒಬ್ಬನೇ ಕೂತು ಅಲ್ಲ, ಹತ್ತಾರು ಜನರ ಮುಂದೆ ನಿಂತು, ದೊಡ್ಡ ದನಿಯಲ್ಲಿ.

ನಮ್ಮ ಮನೆ ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವವರ ಬೀದಿಯಲ್ಲಿ. ಬೀದಿಯ ಕೊನೆಗೆ ಒಬ್ಬ ಮುಸಲ್ಮಾನ ಹಿರಿಯರ ಕಾರ್ಖಾನೆ ಇದೆ. ಬೀದಿಗೆಲ್ಲ ಅವರು ಚಾಚಾ. ಅಲ್ಲಿ ಗಂಡಸರು ಹಾಲೆಮರದ ತುಂಡುಗಳನ್ನು ಲೇತಿಗೆ ಕೊಟ್ಟು, ಮರ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿದು ಗೊಂಬೆಗಳನ್ನು ಇಳಿಸುತ್ತಾರೆ. ಅವುಗಳಿಗೆ ಕಣ್ಣು, ಹುಬ್ಬು, ಬಾಯಿ ಬರೆಯುವ ಕೆಲಸ ನನ್ನ ಹೆಂಡತಿಯದು. ಅವಳು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯ ರೈತರ ಮನೆಯ ಹುಡುಗಿ. ಮದುವೆಯಾಗಿ ಬಂದ ಎರಡನೇ ವರ್ಷಕ್ಕೆ ಆ ಕೆಲಸ ಹಿಡಿದಳು. ಕೂದಲೆಳೆಯಂಥ ಬ್ರಷ್ಷಿನಲ್ಲಿ ಒಂದೇ ಎಳೆತಕ್ಕೆ ಒಂದು ಹುಬ್ಬು ಬರೆದು ಗೊಂಬೆಯನ್ನು ಪಕ್ಕಕ್ಕೆ ಇಡುತ್ತಿದ್ದಳು. ನನಗಿಂತ ನಿನ್ನ ಕೈಯೇ ಚೆನ್ನ ಎಂದು ನಾನು ಹೇಳಿದರೆ ನಗುತ್ತಿದ್ದಳು. ಅದನ್ನೆಲ್ಲ ಚಿತ್ರ ಎಂದು ಅವಳು ಎಣಿಸಿರಲೇ ಇಲ್ಲ.

ನಮಗೆ ಒಬ್ಬಳೇ ಮಗಳು, ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದವಳು. ಎರಡನೇ ಕ್ಲಾಸಿನಲ್ಲಿದ್ದಾಗ ಡೆಂಗಿ ಜ್ವರ ಬಂತು. ಊರಿನ ಡಾಕ್ಟರಿಗೆ ತೋರಿಸಿದೆವು, ರಕ್ತ ಪರೀಕ್ಷೆ ಮಾಡಿಸಿದೆವು. ನಾಲ್ಕನೆಯ ದಿನ ಮೈ ತಣ್ಣಗಾದಾಗ ವಾಸಿಯಾಯಿತೆಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು ಅವಳಮ್ಮ. ಐದನೆಯ ದಿನ ಮಗು ನಿತ್ರಾಣವಾಗಿ ಬಿದ್ದಾಗ ಬೆಂಗಳೂರಿಗೆ ಕರೆದುಕೊಂಡು ಓಡಿದೆವು. ಅಲ್ಲಿಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಏಳನೆಯ ದಿನ ಮಗು ಉಳಿಯಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಆಮೇಲೆ ನಾವಿಬ್ಬರೂ ಮಗಳ ಮಾತೆತ್ತುವುದನ್ನು ನಿಲ್ಲಿಸಿದೆವು. ಹೀಗೆ ಮಾಡೋಣ ಎಂದು ಕೂತು ತೀರ್ಮಾನಿಸಿದ್ದಲ್ಲ. ಅವಳು ಎತ್ತಿದರೆ ನಾನು ಅಳುತ್ತೇನೆಂದು ಅವಳು ಸುಮ್ಮನಿದ್ದಳು, ನಾನು ಎತ್ತಿದರೆ ಅವಳು ಕುಸಿಯುತ್ತಾಳೆಂದು ನಾನು ಸುಮ್ಮನಿದ್ದೆ ಎಂದು ಬೇರೆಯವರಿಗೆ ಹೇಳುತ್ತಿದ್ದೆ. ನನ್ನ ಮೌನಕ್ಕೆ ಬೇರೆಯದೇ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಒಂದು ವರ್ಷ ಅವಳು ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಚಾಚಾ ತಾವೇ ಮನೆಗೆ ಬಂದು, ಒಳಗೂ ಬಾರದೆ ಹೊಸಿಲಾಚೆ ನಿಂತು, "ಬೇಟಿ, ದಿನಾ ಬಂದು ಎರಡು ಕಣ್ಣು ಬರೆದು ಹೋಗು, ಸಾಕು. ಜೀವ ಒಸಿ ಹಗುರಾಗ್ತದೆ" ಅಂದರು. ಮಾರನೆಯ ದಿನ ಹೋದಳು. ಹೋಗುತ್ತಲೇ ಇದ್ದಳು. ಮೊದಲಿಗಿಂತ ಬೇಗ ಬೇಗ ಕೆಲಸ ಮುಗಿಸುತ್ತಾಳೆಂದು ಚಾಚಾ ನನ್ನ ಹತ್ತಿರ ಹೇಳಿದರು. ಹೊಗಳಿಕೆಯೋ ಚಿಂತೆಯೋ ಅವರ ದನಿಯಲ್ಲಿ ತಿಳಿಯಲಿಲ್ಲ.

ಇನ್ನೂ ಆರು ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಊಟವಾದ ನಂತರ, ಅವಳು ಒಂದು ಡ್ರಾಯಿಂಗ್ ಕಾಗದ ಕೇಳಿದಳು. ನಾನು ಎದ್ದುಬಿದ್ದು ಬೀರು ತೆಗೆದು ಇದ್ದುದರಲ್ಲಿ ದಪ್ಪನೆಯ ಕಾಗದ, ನನ್ನ ಬಣ್ಣದ ಟ್ಯೂಬುಗಳು, ಪ್ಯಾಲೆಟ್ಟು ಎಲ್ಲ ಜೋಡಿಸಿಟ್ಟೆ. ಏನು ಬರೆಯುತ್ತೀಯ ಎಂದು ಕೇಳಿದ್ದಕ್ಕೆ, ನೀವು ಮಕ್ಕಳ ಕೈಲಿ ಬರೆಸ್ತೀರಲ್ಲ, ಸಾಮಾನು ಇಟ್ಟು ನೋಡ್ಕೊಂಡು ಬರೆಯೋದು, ಅಂಥದ್ದು ಅಂದಳು. ವಸ್ತುಚಿತ್ರ. ಮೇಜಿನ ಮೇಲೆ ಒಂದು ತಾಮ್ರದ ಚೊಂಬು, ಎರಡು ಬದನೆಕಾಯಿ, ಹಿಂದೆ ಮಡಿಕೆ ಬಿದ್ದ ಬಟ್ಟೆ, ಹೀಗೆ ಶಾಲೆಯಲ್ಲಿ ಇಡುವ ಹಾಗೆ ಇಡಲು ಹೊರಟೆ.

"ಏನೂ ಇಡ್ಬ್ಯಾಡಿ," ಅಂದಳು. "ನಂಗೆ ಗ್ಯಾಪ್ಕ ಐತೆ."

ನಾಲ್ಕು ಭಾನುವಾರ ಬರೆದಳು. ನಾನು ಹತ್ತಿರ ಹೋಗಲಿಲ್ಲ. ಅವಳು ಏನಾದರೂ ಒಂದನ್ನು ಮಾಡುತ್ತಿದ್ದಾಳಲ್ಲ ಎಂಬ ಸಮಾಧಾನಕ್ಕೆ ಹಾಲ್‌ನಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ಮುಗಿದ ದಿನ ಕರೆದು ತೋರಿಸಿದಳು.

ನಮ್ಮ ಅಡುಗೆಮನೆಯ ಬೂದು ಬಣ್ಣದ ಕಲ್ಲಿನ ಕಟ್ಟೆ. ಅದರ ಮೇಲೆ ಒಂದು ಸ್ಟೀಲಿನ ಊಟದ ಡಬ್ಬಿ, ಬಾಯಿ ತೆರೆದು. ಡಬ್ಬಿಯ ತುಂಬ ಚಿತ್ರಾನ್ನ. ಗೊಂಬೆಗೆ ಕಣ್ಣು ಬರೆಯುವ ಬ್ರಷ್ಷಿನಲ್ಲಿ ಒಂದೊಂದು ಅಗುಳನ್ನೂ ಬಿಡಿಬಿಡಿಯಾಗಿ ಬರೆದಿದ್ದಳು. ಕಡಲೆಬೀಜ, ಕರಿಬೇವು, ಒಗ್ಗರಣೆಯ ಸಾಸಿವೆ ಕೂಡ ಇತ್ತು. ಪಕ್ಕದಲ್ಲಿ ಮಗುಚಿಟ್ಟ ಮುಚ್ಚಳ, ಒಂದು ಚಮಚ, ಕತ್ತಿನವರೆಗೂ ನೀರಿದ್ದ ನೀಲಿ ಬಾಟಲಿ. ಎಡಗಡೆಯಿಂದ ಓರೆಯಾಗಿ ಬಿದ್ದ ಕಿತ್ತಳೆ ಬಿಸಿಲು. ಬಲಗಡೆಯ ಅಂಚಿಗೆ, ಕಾಗದ ಮುಗಿಯುವ ಜಾಗದಲ್ಲಿ, ಮೇಲಿಂದ ಕೆಳಗೆ ಬೆರಳಗಲ ಕಂದುಗೆಂಪು.

ಡಬ್ಬಿ ನೋಡಿದ ಕೂಡಲೇ ಅದು ಯಾರದೆಂದು ತಿಳಿಯಿತು. ನೋವಾಯಿತು, ನಿಜ. ಆದರೆ ಅದರ ಹಿಂದೆಯೇ ಒಂದು ನೆಮ್ಮದಿಯೂ ಬಂತು. ಇವಳು ಕಡೆಗೂ ಮಗಳ ವಸ್ತುವನ್ನು ಕಣ್ಣೆತ್ತಿ ನೋಡುತ್ತಿದ್ದಾಳೆ, ಅದನ್ನು ಇಷ್ಟು ಚೆಂದಾಗಿ, ಇಷ್ಟು ತುಂಬಿಸಿ ಬರೆದಿದ್ದಾಳೆ ಎಂದರೆ ಗಾಯ ಮಾಯುತ್ತಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಆ ವರ್ಷ ನಮ್ಮ ಜಿಲ್ಲೆಯ ಕೆಲವು ಡ್ರಾಯಿಂಗ್ ಮೇಷ್ಟ್ರುಗಳು ಸೇರಿ ರಾಮನಗರದ ಒಂದು ಶಾಲೆಯ ಹಾಲಿನಲ್ಲಿ ಸಣ್ಣ ಪ್ರದರ್ಶನ ಇಟ್ಟಿದ್ದೆವು. ಮಾಗಡಿ, ಕನಕಪುರದಿಂದಲೂ ಮೇಷ್ಟ್ರುಗಳು ಚಿತ್ರ ತಂದಿದ್ದರು. ನಾನು ಹೆಂಡತಿಯ ಚಿತ್ರವನ್ನೂ ಇಡುತ್ತೇನೆ ಎಂದೆ. ಬೇಕಾದರೆ ತೆಗೆದುಕೊಂಡು ಹೋಗಿ ಅಂದಳು. ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ.

ನನ್ನ ಜೊತೆಯ ಮೇಷ್ಟ್ರುಗಳು ಆ ಚಿತ್ರದ ಮುಂದೆ ನಿಂತು ತಲೆದೂಗಿದರು. ಕೆಲವು ಶಾಲೆಯ ಮಕ್ಕಳೂ ಬಂದಿದ್ದರು. ಸಾರ್, ಇದನ್ನ ಒಸಿ ಮಕ್ಕಳಿಗೆ ವಿವರಿಸಿ ಎಂದು ಕನಕಪುರದ ಮೇಷ್ಟ್ರು ಕೇಳಿದರು. ಅಷ್ಟೇ ಸಾಕಾಯಿತು ನನಗೆ. ಕ್ಲಾಸಿನಲ್ಲಿ ಹೇಳುವ ಹಾಗೆಯೇ ಶುರು ಮಾಡಿದೆ. ವಸ್ತುಚಿತ್ರದಲ್ಲಿ ಯಾವ ವಸ್ತುವೂ ಸುಮ್ಮನೆ ಬಂದು ಕೂತಿರುವುದಿಲ್ಲ. ಆರಿದ ದೀಪ, ಬಾಡಿದ ವೀಳ್ಯದೆಲೆ, ಉರುಳಿದ ಚೊಂಬು ಇದ್ದರೆ ಅಲ್ಲಿ ಸಾವಿನ ನೆರಳಿದೆ ಎಂದರ್ಥ. ಇಲ್ಲಿ ನೋಡಿ, ಯಾವುದೂ ಖಾಲಿಯಾಗಿಲ್ಲ. ಡಬ್ಬಿ ತುಂಬಿದೆ, ಬಾಟಲಿ ತುಂಬಿದೆ, ಅಂದರೆ ಮನೆ ತುಂಬಿದೆ. ಹಳದಿ ಎಂದರೆ ಅರಿಶಿನ, ಮಂಗಳ. ತೆರೆದ ಮುಚ್ಚಳ ಬಾ, ಉಣ್ಣು ಎಂದು ಕರೆಯುತ್ತಿದೆ. ಈ ಬಿಸಿಲು ಬೆಳಗಿನದಲ್ಲ, ಸಂಜೆಯದು. ಅದಕ್ಕೇ ಚಿತ್ರಕ್ಕೆ ಈ ಶಾಂತಿ ಬಂದಿದೆ. ಬಲಗಡೆಯ ಕೆಂಪು ಪಟ್ಟಿ ಹಳದಿಯ ಭಾರವನ್ನು ಸರಿದೂಗಿಸಲು ಹಾಕಿದ್ದು. ಈ ಚಿತ್ರದ ಭಾವ ದುಃಖವಲ್ಲ, ದುಃಖ ದಾಟಿದ ನೆಮ್ಮದಿ.

ಮುಂದೆ ನಿಂತಿದ್ದ ಒಬ್ಬ ಹುಡುಗಿ, ಎಂಟನೆಯ ಕ್ಲಾಸಿನವಳಿರಬೇಕು, ಕೈ ಎತ್ತಿದಳು. "ಸಾರ್, ಸಾಯಂಕಾಲ ಅಂತೀರಿ. ಮತ್ತೆ ಯಾರೂ ಉಂಡೇ ಇಲ್ವಲ್ಲ?"

ಒಳ್ಳೆಯ ಪ್ರಶ್ನೆ ಎಂದು ಹೇಳಿ, ದೇವರ ಮುಂದೆ ಎಡೆ ಇಡುವುದಿಲ್ಲವೇ, ಹಾಗೆ ಇದು ಎಂದು ಏನೋ ಒಂದು ಪೋಣಿಸಿದೆ. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದಾಗ ಹೆಂಡತಿ ಗುಂಪಿನ ಹಿಂದೆಯೇ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳ ಹಾಗೆ ನಿಂತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಕೆಂಗಲ್ ಹನುಮಂತರಾಯನ ಗುಡಿ ದಾಟುವಾಗ ಪ್ರತಿ ಸಲ ಕೈ ಮುಗಿಯುವವಳು ಅವತ್ತು ಮುಗಿಯಲಿಲ್ಲ.

"ನೀವು ಹೇಳಿದ್ರಲ್ಲಿ ಒಂದೂ ಅಲ್ಲ ಕಣ್ರೀ," ಅಂದಳು. "ಅದು ವಾಪಸ್ ಬಂದ ಡಬ್ಬಿ. ಜ್ವರ ಬಂತಲ್ಲ, ಅವತ್ತು ಸಾಯಂಕಾಲ ಇಸ್ಕೂಲಿಂದ ಹಂಗೇ ತಂದಿದ್ಲು."

ನಾನು ಅವಳ ಮುಖ ನೋಡಿದೆ. ಅವಳು ಹೊರಗೆ ನೋಡುತ್ತಲೇ ಹೇಳಿದಳು. ಅವತ್ತು ಕಾರ್ಖಾನೆಯಲ್ಲಿ ತುರ್ತಿನ ಆರ್ಡರು, ಸಾಕಾಗಿ ಬಂದಿದ್ದಳಂತೆ. ಚೀಲದಿಂದ ಡಬ್ಬಿ ತೆಗೆದು ನೋಡಿದರೆ ಬೆಳಿಗ್ಗೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ಬಾಟಲಿಯ ನೀರೂ ಕುಡಿದಿರಲಿಲ್ಲ.

"ಯಾಕೆ ಉಣ್ಲಿಲ್ಲ ಅಂದೆ. ಮೂರು ಸಲ ಕೇಳ್ದೆ. ಬಾಯೇ ಬಿಡ್ಲಿಲ್ಲ. ಕಟ್ಟೆ ಪಕ್ಕದಲ್ಲಿ ನನ್ನೇ ನೋಡ್ತಾ ನಿಂತ್ಬುಟ್ಲು. ಸಿಟ್ಟು ಬಂತು. ನಾನೇ ಎರಡು ತುತ್ತು ಬಾಯಿಗೆ ತುರುಕ್ದೆ. ಕಕ್ಕೊಂಡ್ಲು. ಅದಕ್ಕೂ ಬೆನ್ನಿಗೊಂದು ಕೊಟ್ಟೆ." ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು, "ಹೊಡೆದಾಗ್ಲೇ ಗೊತ್ತಾಗಿದ್ದು, ಮೈ ಸುಡ್ತಿತ್ತು."

ಬಸ್ಸು ಚನ್ನಪಟ್ಟಣಕ್ಕೆ ಬಂತು. ಇಳಿಯುವ ಮುಂಚೆ ಅವಳು ಇನ್ನೊಂದು ಮಾತು ಹೇಳಿದಳು. ನನಗಲ್ಲ, ತನಗೆ ತಾನೇ ಹೇಳಿಕೊಂಡಂತಿತ್ತು. "ತಲೆ ನೋಯ್ತದೆ ಅಂತ ಒಂದು ಮಾತು ಹೇಳಿದ್ರೆ ಆಗೋದು. ಯಾಕೆ ಹೇಳ್ಲಿಲ್ವೋ."

ಯಾಕೆ ಹೇಳಲಿಲ್ಲ ಎಂಬುದು ನನಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅದು ಗೊತ್ತಿದ್ದವನು ನಾನೊಬ್ಬನೇ.

ಆ ದಿನ ಬೆಳಿಗ್ಗೆ ನಾನು ಬೈಕ್ ಹೊರಗೆ ತೆಗೆಯುತ್ತಿದ್ದೆ. ಮಗಳು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಕಣ್ಣಿನ ಹಿಂದ್ಗಡೆ ನೋಯ್ತದೆ" ಅಂದಳು. ಅವಳಮ್ಮ ಒಳಗೆ ಡಬ್ಬಿ ಕಟ್ಟುತ್ತಿದ್ದಳು. ಅಮ್ಮನಿಗೆ ಹೇಳಲು ಮಗು ಒಳಗೆ ತಿರುಗಿದಾಗ ನಾನು ಕೈ ಹಿಡಿದು ನಿಲ್ಲಿಸಿದೆ. ಅವತ್ತು ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ ಇತ್ತು. ಹೆಂಡತಿಗೆ ಕಾರ್ಖಾನೆಯ ಆರ್ಡರು. ಮಗು ಮನೆಯಲ್ಲಿ ಉಳಿದರೆ ರಜೆ ಹಾಕಬೇಕಾದವನು ನಾನೇ. "ಅಮ್ಮಂಗೆ ಹೇಳ್ಬ್ಯಾಡ ಕಂದ, ಸುಮ್ನೆ ಗಾಬರಿ ಬೀಳ್ತಾಳೆ. ಸಾಯಂಕಾಲ ಐಸ್‌ಕ್ರೀಮ್ ಕೊಡಿಸ್ತೀನಿ" ಅಂದೆ. ಅವಳು ತಲೆಯಾಡಿಸಿದಳು. ಕಣ್ಣಿನ ಹಿಂದೆ ನೋವು ಡೆಂಗಿಯ ಲಕ್ಷಣ ಎಂದು ಆಮೇಲೆ ಆಸ್ಪತ್ರೆಯ ಗೋಡೆಯ ಮೇಲಿನ ಹಾಳೆಯಲ್ಲಿ ಓದಿದೆ. ಆ ಹಾಳೆಯ ಎದುರಿನ ಬೆಂಚಿನಲ್ಲೇ ಎರಡು ದಿನ ಕೂತಿದ್ದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಮೌನದ ಕಾರಣ ಇದು. ಆದರೆ ನನ್ನ ಮಾತು ಸಂಜೆಯವರೆಗೂ ಮಗುವಿನ ಬಾಯಿ ಕಟ್ಟಿತ್ತು ಎಂಬುದು, ಅಮ್ಮ ಮೂರು ಸಲ ಕೇಳಿದರೂ, ಬೈದರೂ, ಹೊಡೆದರೂ ಅದು ನನಗೆ ಕೊಟ್ಟ ಮಾತು ಉಳಿಸಿಕೊಂಡು ನಿಂತಿತ್ತು ಎಂಬುದು ಆ ಬಸ್ಸಿನಲ್ಲಿ ಕೂರುವವರೆಗೂ ನನಗೇ ಗೊತ್ತಿರಲಿಲ್ಲ.

ಹನ್ನೊಂದು ದಿನ ನುಂಗಿಕೊಂಡೆ. ಹೇಳಿದರೆ ಅವಳ ಭಾರ ಇಳಿಯುತ್ತದೆ ಎಂದು ಒಂದು ಸಲ ಅನ್ನಿಸುತ್ತಿತ್ತು. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ ಎಂದು ಮರುಗಳಿಗೆ ಅನ್ನಿಸುತ್ತಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಮಹಡಿಯ ಮೇಲೆ ಅವಳು ಬಟ್ಟೆ ಒಣಗಲು ಹಾಕುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಇನ್‌ಸ್ಪೆಕ್ಷನ್, ರಜೆ, ಕೈ ಹಿಡಿದು ನಿಲ್ಲಿಸಿದ್ದು, ಯಾವುದನ್ನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ನನ್ನ ಅಂಗಿಯನ್ನು ಕೊಡವುತ್ತಿದ್ದವಳು ನಿಲ್ಲಿಸಿದಳು.

"ಐಸ್‌ಕ್ರೀಮ್ ಕೊಡಿಸಿದ್ರಾ?"

ಇಲ್ಲ ಅಂದೆ. ಇನ್‌ಸ್ಪೆಕ್ಷನ್ ಮುಗಿದು ಮನೆಗೆ ಬರುವಷ್ಟರಲ್ಲಿ ಮಗು ಜ್ವರದಲ್ಲಿ ಮಲಗಿತ್ತು.

ಅವಳು ಉಳಿದ ಬಟ್ಟೆಗಳನ್ನು ಹಾಕಿ, ಕ್ಲಿಪ್ಪು ಸಿಕ್ಕಿಸಿ, ಬಕೆಟ್ಟು ತೆಗೆದುಕೊಂಡು ಕೆಳಗಿಳಿದಳು. ಅನ್ನ, ಸಾರು ಮಾಡಿಟ್ಟಳು. ಮಧ್ಯಾಹ್ನದ ಬಸ್ಸಿಗೆ ತೌರಿಗೆ ಹೋದಳು. ಯಾವಾಗ ಬರುತ್ತೀಯ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ.

ಪ್ರದರ್ಶನದಲ್ಲಿದ್ದ ಚಿತ್ರವನ್ನು ಜೊತೆಯ ಮೇಷ್ಟ್ರೊಬ್ಬರು ಪೇಪರಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಅದು ಬೀರುವಿನ ಹಿಂದೆ ಇತ್ತು. ಅವಳು ಹೋದ ಮೂರನೆಯ ದಿನ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ನೋಡಿ, ನೋಡಿ ಎಂದು ಹೇಳಿದವನು ಅವತ್ತು ಮೊದಲ ಸಲ ನೋಡಿದೆ. ಚಮಚದ ತುದಿಗೆ ಎರಡು ಅಗುಳು ಅಂಟಿದ್ದವು. ಮಗು ಶಾಲೆಯಲ್ಲಿ ಉಣ್ಣಲು ನೋಡಿತ್ತು, ಆಗಿರಲಿಲ್ಲ. ಬಲಗಡೆಯ ಕಂದುಗೆಂಪು ಪಟ್ಟಿಯಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. ನೆರಿಗೆಗಳು. ನನ್ನ ಮಗಳ ಯೂನಿಫಾರಂ ಲಂಗದ ಬಣ್ಣ ಅದೇ. ಅವಳು ಅಲ್ಲೇ ನಿಂತಿದ್ದಳು, ಕಾಗದದ ಅಂಚಿನಲ್ಲಿ, ಬಾಯಿ ಬಿಡದೆ. ಅವಳನ್ನು ನಾನು ಹಳದಿಯ ಭಾರ ಸರಿದೂಗಿಸಲು ಹಾಕಿದ್ದು ಎಂದಿದ್ದೆ.

ಪ್ರತಿ ಭಾನುವಾರ ದೊಡ್ಡಆಲಹಳ್ಳಿಗೆ ಹೋಗತೊಡಗಿದೆ. ರಾಮನಗರದಲ್ಲಿ ಒಂದು ಬಸ್ಸು ಬದಲಾಯಿಸಿ, ಕನಕಪುರದಲ್ಲಿ ಇನ್ನೊಂದು ಹಿಡಿದು ಹೋಗಬೇಕು. ಅತ್ತೆಯವರಿಗೆ ಅವಳು ಏನೂ ಹೇಳಿರಲಿಲ್ಲ. ಅವರು ಮೊದಲಿನ ಹಾಗೆಯೇ ಮಣೆ ಹಾಕಿ ಮುದ್ದೆ ಬಡಿಸುತ್ತಿದ್ದರು. ಹೆಂಡತಿ ನೀರು ತಂದಿಟ್ಟು ಹೋಗುತ್ತಿದ್ದಳು. ನಾಲ್ಕು ವಾರ ಹೀಗೆ ಹೋಗಿ ಬಂದೆ. ಐದನೆಯ ಸಲ ಹೋದಾಗ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಕಳಚಿದ್ದವು. ಆ ಹಂತದಲ್ಲಿ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಎಲ್ಲರೂ ಹಿಪ್ಪುನೇರಳೆ ತೋಟದಲ್ಲಿದ್ದರು. ನಾನೂ ಹೋಗಿ ಅವಳ ಪಕ್ಕದ ಸಾಲು ಹಿಡಿದೆ. ಬೇಡ ಅನ್ನಲಿಲ್ಲ. ಸಂಜೆಯ ಬಸ್ಸಿನ ಹೊತ್ತಿನವರೆಗೂ ಇಬ್ಬರೂ ಸೊಪ್ಪು ಬಿಡಿಸಿದೆವು. ನನ್ನ ಬೆರಳೆಲ್ಲ ಸೊಪ್ಪಿನ ಹಾಲು ಅಂಟಿ ಕಪ್ಪಾಗಿದ್ದವು. ಹೊರಡುವಾಗ, ಬೆರಳಿಗೆ ಹುಣಸೆಹಣ್ಣು ಉಜ್ಜಿಕೊಳ್ಳಿ ಅಂದಳು. ಒಂದು ತಿಂಗಳಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಅದು.

ಆ ಬೆಳೆಯ ರೇಷ್ಮೆಗೂಡನ್ನು ಅವಳ ಅಣ್ಣ ರಾಮನಗರದ ಮಾರ್ಕೆಟ್ಟಿಗೆ ತಂದ. ಅವಳೂ ಬಂದಿದ್ದಾಳೆ ಎಂದು ಫೋನಿನಲ್ಲಿ ಹೇಳಿದ. ಊಟದ ಬಿಡುವಿನಲ್ಲಿ ಶಾಲೆಯಿಂದ ನಡೆದುಕೊಂಡು ಹೋದೆ. ಗೂಡು ಹರಡಿದ ತೊಟ್ಟಿಯ ಪಕ್ಕ ಅವಳು ಒಬ್ಬಳೇ ಕೂತಿದ್ದಳು, ಅಣ್ಣ ಚಹಾಕ್ಕೆ ಹೋಗಿದ್ದ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಬಂದು ಒಂದು ಹಿಡಿ ಗೂಡು ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು. ನಾನು ಅವಳ ಪಕ್ಕ ಕೂತೆ.

"ನಿಮ್ಮನ್ನ ಕ್ಷಮಿಸೋಕೆ ಆಗಲ್ಲ," ಅಂದಳು. "ನನ್ನನ್ನೂ ಆಗಲ್ಲ."

ಸರಿ ಎಂದೆ.

"ಊರಲ್ಲಿ ಯಾರಿಗೂ ಮಗೂನ ವಿಷ್ಯ ಅಷ್ಟು ಗೊತ್ತಿಲ್ಲ. ಎತ್ತಿದ್ರೆ ಅಳ್ಬ್ಯಾಡ ಅಂತಾರೆ. ಅವಳನ್ನ ಪೂರ್ತಿ ಬಲ್ಲೋರು ನೀವೊಬ್ರೇ."

ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಇದಾಗಿ ಎರಡು ವರ್ಷವಾಯಿತು. ಅವಳು ನನ್ನನ್ನು ಕ್ಷಮಿಸಿಲ್ಲ. ಕೆಲವು ದಿನ ನನ್ನ ಜೊತೆ ಮಾತಾಡುವುದೇ ಇಲ್ಲ, ನಾನೂ ಕಾರಣ ಕೇಳುವುದಿಲ್ಲ. ಆದರೆ ಮಗಳ ಮಾತು ಈಗ ನಮ್ಮ ಮನೆಯಲ್ಲಿ ಬರುತ್ತದೆ. ಅವಳಿಗೆ ಮೊದಲು ಬಿದ್ದ ಹಲ್ಲು ಮೇಲಿನದೋ ಕೆಳಗಿನದೋ ಎಂದು ಮೊನ್ನೆ ಇಬ್ಬರಿಗೂ ವಾದವಾಯಿತು. ಮೇಲಿನದು ಎಂದು ನಾನು, ಕೆಳಗಿನದು ಎಂದು ಅವಳು. ಕೇಳೋಣವೆಂದರೆ ಬೇರೆ ಯಾರೂ ಇಲ್ಲ. ಕೊನೆಗೆ ಕೆಳಗಿನದೇ ಎಂದು ನಾನು ಒಪ್ಪಿಕೊಂಡೆ. ಅವಳು ಎದ್ದು ಹೋಗಿ ಅನ್ನಕ್ಕಿಟ್ಟಳು.